ಹಳದಿ ಕಾರಿನ ಹೊಗೆ ಕಲೆ

ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಹರಿದ ರೆಕ್ಸಿನ್ನನ್ನು ಒಳಗೆ ತುರುಕುತ್ತಾ ಇರುತ್ತೇನೆ. ಯಾರ ಮನೆಗಾದರೂ ಹೋದರೆ ಅವರು ಕಾಫಿ ತರುವಷ್ಟರಲ್ಲಿ ಗೋಡೆಯ ಮೇಲಿನ ಸೊಟ್ಟ ಕ್ಯಾಲೆಂಡರ್ ನೆಟ್ಟಗಾಗಿರುತ್ತದೆ. "ನಿನ್ ಕೈಗೆ ಬಳೆ ಅಲ್ಲ ಕಣೇ, ಬೇಡಿ ಹಾಕ್ಬೇಕು" ಎಂದು ನಮ್ಮತ್ತೆ ಮದುವೆಯಾದ ಮೊದಲ ವಾರವೇ ಹೇಳಿದ್ದರು. ಅವರು ಬೈದರೋ ಹೊಗಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ.

ಈ ಕೈಯೇ ನನಗೆ ಅನ್ನ ಕೊಟ್ಟಿದ್ದು ಅನ್ನುವುದೂ ನಿಜ. ಸೋಂಪುರದ ಇಂಡಸ್ಟ್ರಿಯಲ್ ಏರಿಯಾದಲ್ಲಿ, ದೊಡ್ಡ ದೊಡ್ಡ ಶೆಡ್ಡುಗಳ ಹಿಂದೆ, ಹೊರಗಿನಿಂದ ನೋಡಿದರೆ ಗೋಡೌನ್ ಅನ್ನಿಸುವ ಒಂದು ಸಣ್ಣ ಕಾರ್ಖಾನೆ ನಮ್ಮದು. ಹಳೆಯ ಕಾಲದ ಕಾರುಗಳ ಪುಟ್ಟ ನಕಲು ಮಾಡುತ್ತೇವೆ. ಆಟದ ಸಾಮಾನಲ್ಲ. ವಿದೇಶದ ಜನ ಗಾಜಿನ ಬೀರುವಿನಲ್ಲಿಟ್ಟು ನೋಡುವಂಥವು. ಸ್ಟೇರಿಂಗು ತಿರುಗಿಸಿದರೆ ಚಕ್ರ ತಿರುಗುತ್ತದೆ, ಬಾನೆಟ್ಟು ತೆಗೆದರೆ ಒಳಗೆ ದಾರದಷ್ಟು ತೆಳ್ಳಗಿನ ವೈರುಗಳಿರುತ್ತವೆ. ನಾನಲ್ಲಿ ಬ್ರಷ್ ಕೆಲಸದವಳು. ಭತ್ತದ ಕಾಳಿನಷ್ಟು ದೊಡ್ಡ ಮೀಟರಿನೊಳಗೆ ಮುಳ್ಳು ಬರೆಯುವುದು, ಟೈರಿನ ಮೇಲೆ ಅಕ್ಷರ ತುಂಬುವುದು, ಇಂಥವು. ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವಳು ಅಲ್ಲಿಗೆ ಹೇಗೆ ಹೋದೆ ಎಂದರೆ, ಪಕ್ಕದ ಮನೆಯವಳು ವ್ಯಾನು ಹತ್ತಿದಳು, ನಾನೂ ಹತ್ತಿದೆ, ಅಷ್ಟೇ.

ಎರಡು ವರ್ಷದ ಹಿಂದೆ ದಸರೆಗೆ ಮುಂಚೆ ನಮ್ಮಲ್ಲಿಗೆ ಒಂದು ಮರದ ಪೆಟ್ಟಿಗೆ ಬಂತು. ಒಳಗೆ ಹತ್ತಿ, ಹತ್ತಿಯೊಳಗೆ ಮೆತ್ತನೆಯ ಬಟ್ಟೆ, ಬಟ್ಟೆಯೊಳಗೆ ಒಂದು ಹಳದಿ ರೇಸ್ ಕಾರು. ಮೊಣಕೈಯಿಂದ ಬೆರಳ ತುದಿಯವರೆಗೆ ಅದರ ಉದ್ದ. ಮುಂದೆ ಚಪ್ಪಟೆ ಮೂಗು, ಹಿಂದೆ ಮಡಚಿದ ತಗಡಿನಂಥ ರೆಕ್ಕೆ, ನಡುವೆ ಒಬ್ಬನೇ ಕೂರುವ ಗುಂಡಿ. ನಾವು ಮಾಡುವ ನಕಲಿನ ಹಾಗೆ ಅದು ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ. ಹಿತ್ತಾಳೆ, ತಗಡು, ಅಲ್ಯೂಮಿನಿಯಂ ತಂದು ಯಾರೋ ಒಂದೊಂದು ಸ್ಕ್ರೂವನ್ನೂ ಕೈಯಲ್ಲೇ ಮಾಡಿದ್ದರು. ರೇಸಿನಲ್ಲಿ ಓಡಿದ ಅಸಲಿ ಕಾರಿಗೆ ವಯಸ್ಸಿನ ಕಾಲದಲ್ಲಿ ಮೆಕ್ಯಾನಿಕ್ ಆಗಿದ್ದ ಒಬ್ಬ ವಿದೇಶಿ ಮುದುಕರದಂತೆ ಅದು. ಅದನ್ನು ನೋಡಿಕೊಂಡು ನಾವು ಅದೇ ಅಳತೆಯ ನಕಲು ಮಾಡಿಕೊಡಬೇಕು. ಅವರೇ ಬಂದು ನಮ್ಮ ಮೊದಲ ನಕಲು ನೋಡಿ, ಒಪ್ಪಿ, ತಮ್ಮ ಕಾರನ್ನು ಕೈಯಲ್ಲೇ ಹಿಡಿದುಕೊಂಡು ಹೋಗುತ್ತಾರೆ. ಹೀಗೆ ಮಾತಾಗಿತ್ತು.

ಕಾರಿನ ಕಥೆ ನನಗೆ ಹೇಳಿದವರು ನಮ್ಮ ಸೂಪರ್‌ವೈಸರ್. ಇಡೀ ಕಾರ್ಖಾನೆ ಅವರನ್ನು ಅಣ್ಣ ಅಂತಲೇ ಕರೆಯುತ್ತದೆ. ನನಗೆ ಬ್ರಷ್ ಹಿಡಿಯಲು ಕಲಿಸಿದವರು ಅವರೇ.

"ಇದು ಟರ್ಬೋ ಕಾರು ಕಣವ್ವ," ಎಂದರು. "ಇಂಜಿನ್ ಬಿಡೋ ಹೊಗೆ ಇರ್ತದಲ್ಲ, ಅದರಲ್ಲೇ ಒಂದು ಫ್ಯಾನ್ ತಿರುಗಿಸಿ, ಆ ಫ್ಯಾನಿಂದ ಇಂಜಿನ್ನಿಗೇ ಗಾಳಿ ತುರುಕೋದು. ಒಲೆಗೆ ಊದುಗೊಳವೆ ಇಟ್ಟಂಗೆ. ಒಂದೇ ಯತ್ವಾಸ, ಊದೋದೂ ಆ ಒಲೆ ಹೊಗೇನೇ."

ದೊಡ್ಡ ರೇಸುಗಳಿಗೆ ಆ ಟರ್ಬೋ ಮೊದಲು ತಂದದ್ದು ಈ ಹಳದಿ ಕಾರಂತೆ. ನಾನು ಹುಟ್ಟುವುದಕ್ಕೂ ಮುಂಚಿನ ಮಾತು. ಬಂದ ಹೊಸದರಲ್ಲಿ ಅರ್ಧ ದಾರಿಗೆ ಹೊಗೆ ಕಕ್ಕಿಕೊಂಡು ನಿಂತುಬಿಡುತ್ತಿತ್ತಂತೆ. ಬೇರೆ ತಂಡದವರು ಹಳದಿ ಟೀ ಪಾತ್ರೆ ಬಂತು ನೋಡ್ರೋ ಎಂದು ಹಲ್ಲು ಕಿರಿಯುತ್ತಿದ್ದರಂತೆ. ಎರಡು ವರ್ಷ ಹೀಗೆ ನಗಿಸಿಕೊಂಡು, ಆಮೇಲೆ ಅದರ ತಮ್ಮನಂಥ ಇನ್ನೊಂದು ಹಳದಿ ಕಾರು ತನ್ನದೇ ದೇಶದ ರೇಸಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿತು. ಅಲ್ಲಿಗೆ ನಕ್ಕವರೆಲ್ಲ ಗಪ್‌ಚಿಪ್ಪಾಗಿ ತಮ್ಮ ಕಾರಿಗೂ ಟರ್ಬೋ ಕೂರಿಸಿಕೊಂಡರು. ಕೊನೆಗೆ ಅದರ ಜೋರು ಅತಿಯಾಯಿತೆಂದು ರೇಸಿನವರೇ ಅದನ್ನು ಬೇಡ ಎಂದುಬಿಟ್ಟರು. ಇನ್ನೊಂದು ಮಾತೂ ಹೇಳಿದರು ಅಣ್ಣ. ಈ ಕಾರಿನಲ್ಲಿ ಆಕ್ಸಿಲರೇಟರ್ ತುಳಿದ ತಕ್ಷಣ ಏನೂ ಆಗುವುದಿಲ್ಲ. ಫ್ಯಾನು ಸುತ್ತು ಹಿಡಿಯುವ ತನಕ ಕಾಯಬೇಕು, ಹಿಡಿದ ಮೇಲೆ ಬೆನ್ನಿಗೆ ಒದ್ದ ಹಾಗೆ ನುಗ್ಗುತ್ತದೆ.

"ಅಯ್ಯೋ, ನಾನಾಗಿದ್ರೆ ಇಳಿದು ತಳ್ತಿದ್ದೆ," ಎಂದೆ.

"ಅದು ನಂಗೊತ್ತಿಲ್ವಾ," ಎಂದು ಅಣ್ಣ ನಕ್ಕರು.

ಆ ದಿನಗಳಲ್ಲಿ ಅವರು ನಗುವುದೇ ಅಪರೂಪವಾಗಿತ್ತು. ಅವರ ಎಡಗಣ್ಣಿಗೆ ಪೊರೆ ಬಂದಿತ್ತು. ಯಜಮಾನರಿಗೆ ಅವರನ್ನು ಬಿಡಿಸಿ ಹೊಸಬರನ್ನು ತರುವ ಮನಸ್ಸಿತ್ತು, ನೆವ ಬೇಕಾಗಿತ್ತು. ಹಳದಿ ಕಾರು ಗಾಜಿನ ಬೀರುವಿಗೆ ಹೋದ ದಿನ ನಮ್ಮೆಲ್ಲರ ಎದುರಿಗೇ ರಿಜಿಸ್ಟರು ತೆರೆದು ಅಣ್ಣನ ಕೈಲಿ ಸಹಿ ಹಾಕಿಸಿದರು. "ಇದಕ್ಕೆ ಒಂದು ಗೀರು ಬಿದ್ರೂ ನೀವೇ ಜವಾಬ್ದಾರಿ. ಮಾರನೇ ದಿನದಿಂದ ಬರೋದು ಬೇಡ," ಎಂದರು. ಅಣ್ಣ ತಲೆಯಾಡಿಸಿ ಬೀಗದ ಕೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಹದಿನೆಂಟು ವರ್ಷ ದುಡಿದ ಮನುಷ್ಯನಿಗೆ ಆಡುವ ಮಾತಾ ಅದು?

ಆಯುಧಪೂಜೆ ಬಂತು. ನಮ್ಮ ಕಡೆ ಕಾರ್ಖಾನೆಗಳಿಗೆ ಅದೇ ದೊಡ್ಡ ಹಬ್ಬ. ಹಿಂದಿನ ದಿನ ಮೆಷಿನ್ನುಗಳಿಗೆಲ್ಲ ಸ್ನಾನ. ಕಂಪ್ರೆಸರಿನಿಂದ ಹಿಡಿದು ಆಫೀಸಿನ ಕಂಪ್ಯೂಟರಿನವರೆಗೆ ಒರೆಸಿ, ತಿಕ್ಕಿ, ಎಣ್ಣೆ ಹಚ್ಚಬೇಕು. ಆಮೇಲೆ ವಿಭೂತಿ, ಕುಂಕುಮ, ಚೆಂಡು ಹೂವು. ವ್ಯಾನಿಗೆ ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು, ಬಾಗಿಲಲ್ಲಿ ಬೂದುಗುಂಬಳ. ಮೊದಲು ತೊಳೆಯುವುದು, ಆಮೇಲೆ ಪೂಜೆ. ಕೊಳೆ ಗಾಡಿಗೆ ಯಾರಾದರೂ ಕುಂಕುಮ ಇಡುತ್ತಾರಾ? ನಮ್ಮಪ್ಪ ಎತ್ತಿನಗಾಡಿಯ ಕೀಲನ್ನೂ ಬಿಚ್ಚಿ ತೊಳೆಯದೆ ಹೂ ಮುಡಿಸಿದವರಲ್ಲ.

ಅಣ್ಣ ಬೀಗದ ಕೈ ಕೊಟ್ಟು, "ಬೀರು ಗಾಜು ಒರೆಸಿ, ಒಳಗಡೆ ಒಂದು ಹೂ ಇಡವ್ವ" ಎಂದರು. ಅಷ್ಟೇ ಅವರು ಹೇಳಿದ್ದು. ನಾನು ಗಾಜು ಒರೆಸಿದೆ. ಕಾರು ಎತ್ತಿ ಅದರ ಕೆಳಗಿನ ಹಲಗೆ ಒರೆಸಿದೆ. ಎತ್ತಿದಾಗ ಕಂಡಿತು, ಹಿಂದಿನ ರೆಕ್ಕೆಯ ಪಕ್ಕದಲ್ಲಿ ಒಂದು ಮಸಿ ಕಲೆ. ಹೊಳೆಯುವ ಹಳದಿಯ ಮೇಲೆ ಎಣ್ಣೆ ಎಣ್ಣೆಯಾದ ಕಪ್ಪು. ಅಯ್ಯೋ ಪಾಪ, ಇಷ್ಟು ಚೆಂದದ ಕಾರಿಗೆ ಇದೊಂದು ಉಳಿದುಹೋಗಿದೆಯಲ್ಲ, ಬರುವಾಗ ಪೆಟ್ಟಿಗೆಯಲ್ಲಿ ಏನೋ ತಾಗಿರಬೇಕು ಅಂದುಕೊಂಡೆ. ಹತ್ತಿಗೆ ಸ್ಪಿರಿಟ್ಟು ಅದ್ದಿ, ಬಣ್ಣಕ್ಕೆ ಗಾಸಿಯಾಗದಂತೆ, ಮಗುವಿನ ಮೂತಿ ಒರೆಸಿದ ಹಾಗೆ ಒರೆಸಿದೆ. ನಾಲ್ಕೇ ಸಲಕ್ಕೆ ಹೋಯಿತು. ಮೂಗಿನ ಮೇಲೆ ಸಾಸಿವೆಯಷ್ಟು ಕುಂಕುಮ ಇಟ್ಟು ಕೈಮುಗಿದೆ. ಹಬ್ಬ ಮುಗಿದ ಮೇಲೆ ಅದನ್ನೂ ಜೋಪಾನವಾಗಿ ತೆಗೆಯಬೇಕೆಂದು ಜ್ಞಾಪಕ ಇಟ್ಟುಕೊಂಡೆ, ಅಷ್ಟು ಬುದ್ಧಿವಂತೆ ನಾನು. ಮನೆಗೆ ಹೋಗುವಾಗ ವ್ಯಾನಿನಲ್ಲಿ ಕಡ್ಲೆಪುರಿ ತಿನ್ನುತ್ತಾ ಬಲು ಹಿಗ್ಗಿನಲ್ಲಿದ್ದೆ.

ರಜೆ ಮುಗಿದು ಸೋಮವಾರ ಹೋದೆ. ಅಣ್ಣ ಕೆಲಸದ ಪಟ್ಟಿ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಮೊದಲ ನಕಲು ಹೆಚ್ಚುಕಡಿಮೆ ಮುಗಿದಿತ್ತು. "ಕೊನೇ ಕೆಲಸ ನಿಂದೇ. ರೆಕ್ಕೆ ಪಕ್ಕ ಒಂದು ಹೊಗೆ ಕಲೆ ಐತೆ, ಬೀರೂಲಿರೋ ಕಾರು ನೋಡ್ಕೊಂಡು ನಕಲಿನ ಮೇಲೂ ಹಂಗೇ ಬರೀಬೇಕು. ಆ ಕಲೇನೇ ಮುಖ್ಯ ಅಂತ ಒತ್ತಿ ಬರ್ದವ್ರೆ ಮುದುಕಪ್ಪ. ಶುಕ್ರವಾರ ಬರ್ತವ್ರಂತೆ."

ನಾನು ಬ್ರಷ್ಷನ್ನು ಮೇಜಿನ ಮೇಲಿಟ್ಟೆ. "ಅಣ್ಣಾ," ಎಂದೆ, "ಅದನ್ನ ನಾನು ಒರೆಸ್ಬಿಟ್ಟೆ."

ಅವರು ಬೀರುವಿಗೆ ಹೋಗಿ, ಕಾರನ್ನು ಬೆಳಕಿಗೆ ಹಿಡಿದು, ಒಳ್ಳೆಯ ಕಣ್ಣಿನ ಹತ್ತಿರ ತಂದು ನೋಡಿದರು. ಆಮೇಲೆ ಅದನ್ನು ಒಳಗಿಟ್ಟು ಸ್ಟೂಲಿನ ಮೇಲೆ ಕೂತರು. "ಏನ್ ಮಾಡ್ಬಿಟ್ಟೆ ತಾಯಿ. ಒಂದು ಗಳಿಗೆ ಸುಮ್ನಿರಕ್ಕಾಗಲ್ವಾ ನಿಂಗೆ?" ಎಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎದುರಾಡಿ ಹಗುರಾಗುತ್ತಿದ್ದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

"ನಾನೇ ಹೋಗಿ ಯಜಮಾನ್ರಿಗೆ ಹೇಳ್ತೀನಿ, ಒರೆಸಿದ್ದು ನಾನು ಅಂತ."

"ಬೀಗದ ಕೈ ಕೊಟ್ಟೋನು ಯಾರು? ಸಹಿ ಯಾರ್ದು?" ಎಂದರು ಅಣ್ಣ. "ನೀ ಹೇಳಿದ್ರೆ ಇಬ್ರೂ ಮನೆಗೋಗ್ತೀವಿ. ಬಾಯಿ ಮುಚ್ಕೊಂಡು ಮತ್ತೆ ಬರಿ. ಕಲೆ ತಾನೆ? ನಿನ್ ಕೈಗೆ ಬರದೇ ಇರೋದೇನಿಲ್ಲ."

ಬರೆಯುವುದಕ್ಕೆ ನೋಡಿಕೊಳ್ಳಲು ಏನಿತ್ತು? ನಮ್ಮಲ್ಲಿ ತೆಗೆದ ಫೋಟೋಗಳೆಲ್ಲ ಮುಂದಿನಿಂದ, ಮೇಲಿನಿಂದ. ಕಲೆಯ ಕೆಲಸ ಕೊನೆಯದೆಂದು ಆ ಬದಿಯನ್ನು ಇನ್ನೂ ತೆಗೆದೇ ಇರಲಿಲ್ಲ. ಕೊನೆಗೆ ನನ್ನ ಪಕ್ಕದ ಮೇಜಿನವಳು ದಾರಿ ತೋರಿಸಿದಳು. ಕಾರ್ಖಾನೆಯೊಳಗೆ ಫೋನ್ ತರುವ ಹಾಗಿಲ್ಲ. ಆದರೂ ಅವಳು ಹೊಸ ಸೀರೆ ಉಟ್ಟ ದಿನ ಬೀರುವಿನ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿದ್ದಳು. "ಯಾರ್ಗೂ ಹೇಳ್ಬೇಡ ಅಕ್ಕ" ಎನ್ನುತ್ತಾ ಶೌಚಾಲಯದ ಹಿಂದೆ ಕರೆದುಕೊಂಡು ಹೋಗಿ ತೋರಿಸಿದಳು. ಅವಳ ಕಿವಿಯೋಲೆಯ ಹಿಂದೆ ಹಳದಿ ರೆಕ್ಕೆ, ರೆಕ್ಕೆಯ ಮೇಲೆ ಕಲೆ. ದೊಡ್ಡದು ಮಾಡಿದರೆ ಮಸುಕಾಗುತ್ತಿತ್ತು, ಚಿಕ್ಕದು ಮಾಡಿದರೆ ಕಾಣುತ್ತಿರಲಿಲ್ಲ.

ಮಂಗಳವಾರ ಪೂರ್ತಿ ರಿಜೆಕ್ಟ್ ಆದ ಬಾಡಿಗಳ ಮೇಲೆ ಬರೆದೆ. ಕಪ್ಪು ಬಣ್ಣ ಹಾಕಿದರೆ ಅದು ಬಣ್ಣದ ಹಾಗೇ ಕಾಣುತ್ತಿತ್ತು. ಕಂದು ಬೆರೆಸಿದೆ, ಕೆಸರಾಯಿತು. ಅನ್ನ ಸೇರಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ಗೇಟಿನ ತನಕ ಹೋಗಿ ಬರಬೇಕು. ಯಜಮಾನರ ಕಾರು ಬಂದ ಸದ್ದಾದರೆ ಬರೆದ ಬಾಡಿಗಳನ್ನೆಲ್ಲ ಮೇಜಿನ ಕೆಳಗೆ ತಳ್ಳುತ್ತಿದ್ದೆ. ಊಟದ ಹೊತ್ತಿಗೆ ಅಣ್ಣ ತಮ್ಮ ಡಬ್ಬಿ ತೆಗೆಯದೆ ಕೂತಿರುವುದು ಕಂಡು ಅವರ ಮೇಲೇ ಸಿಟ್ಟು ಬಂತು. ಯಾಕೆ ಬೀಗದ ಕೈ ಕೊಡಬೇಕಿತ್ತು ನನ್ನಂಥವಳಿಗೆ? ಇಷ್ಟು ವರ್ಷದಿಂದ ನೋಡುತ್ತಿಲ್ಲವಾ ನನ್ನ ಕೈಯನ್ನ?

ಬುಧವಾರ ಬೆಳಿಗ್ಗೆ ಒಲೆ ಮುಂದೆ ಹೊಳೆಯಿತು. ಮಸಿ ಬೇಕಾದರೆ ಮಸಿಯನ್ನೇ ಹಚ್ಚಬೇಕು, ಬಣ್ಣವನ್ನಲ್ಲ. ನಮ್ಮಜ್ಜಿ ಕಾಡಿಗೆ ಮಾಡುತ್ತಿದ್ದ ಹಾಗೆ ಹರಳೆಣ್ಣೆ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ಕೂತ ಮಸಿಯನ್ನು ಕೆರೆದು ಡಬ್ಬಿಗೆ ತುಂಬಿಕೊಂಡೆ. ಕಾರ್ಖಾನೆಯಲ್ಲಿ ಅದಕ್ಕೆ ಒಂದು ಚೂರು ಗ್ರೀಸು ಕಲಸಿದೆ. ಬಣ್ಣ ಸರಿಹೋಯಿತು, ಥೇಟ್ ಅದೇ. ಆದರೆ ಬ್ರಷ್ಷಿನಲ್ಲಿ ಇಟ್ಟರೆ ಆಕಾರ ಕೂರಲಿಲ್ಲ. ಪಕ್ಕದವಳ ಫೋಟೋ ಮತ್ತೆ ನೋಡಿದೆ. ಕಲೆಯೊಳಗೆ ಸಣ್ಣ ಸಣ್ಣ ಗೆರೆಗಳಿದ್ದ ಹಾಗಿತ್ತು, ಒಂದರ ಪಕ್ಕ ಒಂದು, ಬಾಗಿಕೊಂಡು. ಒರೆಸುವಾಗಲೂ ಅವು ಕಂಡಿದ್ದವು, ನೆನಪಾಯಿತು. ಅದು ಬ್ರಷ್ಷಿನ ಕೆಲಸವೇ ಅಲ್ಲ, ಹೆಬ್ಬೆಟ್ಟು. ಕೈಗೆ ಮಸಿ ಆಗಿದ್ದಾಗ ಮುದುಕಪ್ಪ ಅಲ್ಲಿ ಮುಟ್ಟಿಬಿಟ್ಟು, ಅದೇ ಚೆನ್ನಾಗಿದೆಯೆಂದು ಬಿಟ್ಟಿರಬೇಕು ಎಂದುಕೊಂಡೆ.

ನನ್ನ ಹೆಬ್ಬೆರಳನ್ನು ಮಸಿಗೆ ಒತ್ತಿ, ಮೊದಲು ಹತ್ತು ಸಲ ರಿಜೆಕ್ಟ್ ತಗಡಿನ ಮೇಲೆ, ಆಮೇಲೆ ಉಸಿರು ಬಿಗಿಹಿಡಿದು ಮುದುಕಪ್ಪನ ಕಾರಿನ ರೆಕ್ಕೆಯ ಮೇಲೆ ಒತ್ತಿದೆ. ತುಸು ಹಿಂದಕ್ಕೆ ಎಳೆದೆ. ನಕಲಿನ ಮೇಲೂ ಹಾಗೇ ಒಂದು ಒತ್ತಿದೆ. ಅಣ್ಣನನ್ನು ಕರೆದೆ. ಅವರು ಒಳ್ಳೆಯ ಕಣ್ಣಿನಿಂದ ನೋಡಿ, ಫೋನ್ ನೋಡಿ, ಮತ್ತೆ ಕಾರು ನೋಡಿದರು. "ಬದುಕಿದೆ ಕಣವ್ವ," ಎಂದರು. ಅವತ್ತು ಮಧ್ಯಾಹ್ನ ಅವರು ಡಬ್ಬಿ ಬಿಚ್ಚಿ ಊಟ ಮಾಡಿದರು.

ಶುಕ್ರವಾರ ಆ ವಿದೇಶಿ ಮುದುಕರು ಬಂದರು. ಎತ್ತರದ ಮನುಷ್ಯ, ಬೆನ್ನು ಬಾಗಿತ್ತು, ಎರಡೂ ಕಿವಿಗೆ ಮೆಷಿನ್ನು. ಯಜಮಾನರು ಬೆಂಗಳೂರಿನಿಂದ ಬರುವುದು ತಡವೆಂದು ಆಫೀಸಿನ ಮೇಡಮ್ಮೇ ಮುದುಕರನ್ನು ಒಳಗೆ ಕರೆದುಕೊಂಡು ಬಂದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮೇಡಂ ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ನಮ್ಮ ನಕಲನ್ನು ತಿರುಗಿಸಿ ತಿರುಗಿಸಿ ನೋಡಿ, ಮೀಟರಿನ ಮುಳ್ಳು ಬರೆದವರು ಯಾರು ಎಂದು ಕೇಳಿ ನನ್ನ ಕೈ ಕುಲುಕಿದರು. ಆಮೇಲೆ ತಮ್ಮ ಕಾರನ್ನು ಬೀರುವಿನಿಂದ ತಾವೇ ತೆಗೆದುಕೊಂಡು ನನ್ನ ಮೇಜಿನ ಮೇಲಿಟ್ಟು, ರೆಕ್ಕೆಯ ಕಡೆ ಬಗ್ಗಿ, ತುಂಬ ಹೊತ್ತು ಹಾಗೇ ನಿಂತರು. ಅಣ್ಣ ಗೋಡೆಗೆ ಒರಗಿ ನನ್ನನ್ನೇ ನೋಡುತ್ತಿದ್ದರು.

ಮುದುಕರು ಮಾತಾಡತೊಡಗಿದರು, ಮೇಡಂ ಹೇಳುತ್ತಾ ಹೋದರು. "ಇದನ್ನ ಇವರೂ ಇವರ ಫ್ರೆಂಡೂ ಸೇರಿ ಮಾಡಿದ್ದಂತೆ. ಇಬ್ಬರೂ ಆ ಕಾರಿಗೆ ಮೆಕ್ಯಾನಿಕ್ಕು. ಅದು ದಾರೀಲಿ ಕೆಟ್ಟು ನಿಂತಾಗೆಲ್ಲ ಜನ ನಗ್ತಿದ್ರಂತೆ, ಇವರಿಬ್ರು ತಳ್ಕೊಂಡು ಬರ್ತಿದ್ರಂತೆ. ಗೆದ್ದ ದಿನ ಸುತ್ತ ಎಲ್ಲಾರೂ ಇದ್ರು, ಕೆಟ್ಟ ದಿನ ನಾವಿಬ್ರೇ ಇರ್ತಿದ್ವಿ, ಅದಕ್ಕೇ ಗೆದ್ದ ಕಾರು ಮಾಡಲಿಲ್ಲ, ಇದನ್ನ ಮಾಡಿದ್ವಿ ಅಂತಾರೆ." ಮುದುಕರು ರೆಕ್ಕೆಯ ಕಡೆ ಬೆರಳು ತೋರಿಸಿದರು. ಮೇಡಂ ಒಂದು ನಿಮಿಷ ಕೇಳಿಸಿಕೊಂಡು ಹೇಳಿದರು. "ಇದು ಮುಗಿದ ದಿನ ಅಸಲಿ ಕಾರು ಇಟ್ಟಿರೋ ಜಾಗಕ್ಕೆ ಹೋಗಿದ್ರಂತೆ. ಫ್ರೆಂಡು ಅದರ ಸೈಲೆನ್ಸರ್ ಒಳಗೆ ಹೆಬ್ಬೆಟ್ಟು ಹಾಕಿ, ಆ ಮಸೀನ ಇಲ್ಲಿ ಒತ್ತಿ, ಈಗ ಮುಗೀತು ನೋಡು ಅಂದ್ರಂತೆ. ಆಮೇಲೆ ಅವರು ತೀರ್ಕೊಂಡ್ರಂತೆ. ಅವನ ಕೈ ಅಂತ ನನ್ ಹತ್ರ ಉಳಿದಿರೋದು ಇದೊಂದೇ ಅಂತಿದಾರೆ."

ಮುದುಕರು ತಮ್ಮ ಹೆಬ್ಬೆರಳನ್ನು ಕಲೆಯ ಮೇಲೆ, ತಾಗಿಸದೆ, ಗಾಳಿಯಲ್ಲೇ ಹಿಡಿದಿದ್ದರು. ಕಣ್ಣು ತುಂಬಿತ್ತು.

ನಾನು ಅಣ್ಣನನ್ನು ನೋಡಿದೆ. ಅವರು ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದರು. ಸುಮ್ಮನಿದ್ದೆ. ನನ್ನ ಜೀವಮಾನದಲ್ಲೇ ಅಷ್ಟು ಹೊತ್ತು ಸುಮ್ಮನೆ ನಿಂತದ್ದಿಲ್ಲ. ಅವರು ಕಾರನ್ನು ಮೆತ್ತನೆಯ ಬಟ್ಟೆಯ ಮೇಲಿಟ್ಟು, ಒಂದು ಮೂಲೆ ಮಡಚಿದರು, ಇನ್ನೊಂದು ಮೂಲೆ ಮಡಚಿದರು. ಊರಿಗೆ ಹೋಗಿ ಅದನ್ನು ಬಿಚ್ಚಿ, ಸತ್ತ ಗೆಳೆಯನೆಂದು ದಿನಾ ನನ್ನ ಬೆರಳನ್ನು ನೋಡುತ್ತಾ ಕೂರುತ್ತಾರಲ್ಲ ಈ ಮನುಷ್ಯ!

"ಮೇಡಂ," ಎಂದೆ, "ಅದು ಅವರ ಸ್ನೇಹಿತರದಲ್ಲ. ನನ್ ಹೆಬ್ಬೆಟ್ಟು."

ಮೇಡಂ ಮುಖದ ಬಣ್ಣವೇ ಹೋಯಿತು. ಅವರು ಮುದುಕರ ಕಡೆ ತಿರುಗಿ ನಗುತ್ತಾ ಏನೋ ಹೇಳಿದರು. ಅದರಲ್ಲಿ 'ವೆರಿ ಹ್ಯಾಪಿ' ಎಂಬುದಿತ್ತು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ರೇಗಿಹೋಯಿತು ನನಗೆ. ಮಡಚಿದ ಬಟ್ಟೆಯನ್ನು ನಾನೇ ಸರಿಸಿ, ಕಲೆಯ ಪಕ್ಕದಲ್ಲಿ ನನ್ನ ಹೆಬ್ಬೆರಳಿಟ್ಟೆ. ಚಿಕ್ಕಂದಿನಲ್ಲಿ ಈಳಿಗೆಮಣೆ ಕೊಯ್ದ ಗಾಯ ನನ್ನ ಬೆರಳಿನ ಅಡ್ಡಕ್ಕೆ ಇದೆ. ಮಸಿಯಲ್ಲೂ ಅದೇ ಜಾಗಕ್ಕೆ ಒಂದು ಹಳದಿ ಗೆರೆ ಬಿಟ್ಟುಕೊಂಡಿತ್ತು. ಮುದುಕರು ಕನ್ನಡಕ ಹಾಕಿಕೊಂಡು ಬೆರಳು ನೋಡಿದರು, ಕಲೆ ನೋಡಿದರು, ಮತ್ತೆ ಬೆರಳು ನೋಡಿದರು. ಆಮೇಲೆ ಮೇಡಂ ಕಡೆ ತಿರುಗಿ ಒಂದೇ ಮಾತು ಕೇಳಿದರು. ಈ ಸಲ ಮೇಡಂ ಇದ್ದದ್ದನ್ನು ಹೇಳಲೇಬೇಕಾಯಿತು.

ನಾನು ಎಲ್ಲ ಹೇಳಿದೆ. ಹಬ್ಬಕ್ಕೆ ಗಾಡಿ ತೊಳೆಯುವುದು, ಕೊಳೆಯಿದ್ದರೆ ಕುಂಕುಮ ಇಡಬಾರದು ಅನ್ನುವುದು, ಹರಳೆಣ್ಣೆ ಮಸಿ. "ಅಣ್ಣಂದೇನೂ ತಪ್ಪಿಲ್ಲ, ಗಾಜು ಒರೆಸು ಅಂದಿದ್ರು ಅಷ್ಟೇ, ಇದಕ್ಕೆ ಅವರ ಕೆಲಸ ಹೋಗ್ಬಾರ್ದು" ಎಂದು ಎರಡೆರಡು ಸಲ ಹೇಳಿದೆ. ಗೋಡೆಯ ಹತ್ತಿರ ಅಣ್ಣ ಕಣ್ಣು ಮುಚ್ಚಿಕೊಂಡಿದ್ದರು. ಮುದುಕರು ಕುಂಕುಮದ ಮಾತನ್ನು ಮತ್ತೊಮ್ಮೆ ಹೇಳಿಸಿಕೊಂಡರು. ಇದಕ್ಕೂ ಇಟ್ಟಿರಾ ಎಂದು ಕೇಳಿದರು. ಇಟ್ಟೆ, ಮೂಗಿನ ಮೇಲೆ, ಆಮೇಲೆ ಅದನ್ನೂ ಒರೆಸಿದೆ, ಎಂದು ತೋರಿಸಿದೆ. ಅವರು ತಲೆಯಾಡಿಸಿದರು.

ಕಾರಿನ ಮೂಗನ್ನೇ ನೋಡುತ್ತಾ ಅವರು ಮೇಡಂಗೆ ನಿಧಾನವಾಗಿ ಏನೋ ಹೇಳಿದರು. ಯಜಮಾನರು ಕೇಳಿದರೆ ಕಾರು ಸರಿಯಾಗಿದೆ ಎಂದೇ ತಾವು ಹೇಳುವುದಾಗಿ. ಆರ್ಡರು ನಮಗೇ ಎಂದು. ನಕಲುಗಳಲ್ಲಿ ಮಾತ್ರ ಆ ಕಲೆ ಬೇಡ, ಆ ಜಾಗ ಹಳದಿಯಾಗೇ ಇರಲಿ ಎಂದು. ಅಣ್ಣನ ಕೆಲಸ ಉಳಿಯಿತು. ಅಣ್ಣ ಎರಡೂ ಕೈ ಎತ್ತಿ ಮುಗಿದರು, ನನಗೂ ಅಳು ಬಂತು. ಅಷ್ಟಕ್ಕೇ ಮುಗಿದಿದ್ದರೆ ಮನೆಗೆ ಹೋಗಿ ನೆಮ್ಮದಿಯಾಗಿ ಉಣ್ಣುತ್ತಿದ್ದೆ.

ಆಮೇಲೆ ಅವರು ಹತ್ತಿ ಕೇಳಿದರು. ಕಣ್ಣೊರೆಸಿಕೊಳ್ಳುವುದಕ್ಕೆ ಇರಬೇಕೆಂದು ತಂದುಕೊಟ್ಟೆ. ಅವರು ನನ್ನ ಮೇಜಿನ ಮೇಲಿದ್ದ ಸ್ಪಿರಿಟ್ಟಿನ ಬಾಟಲಿಯ ಮುಚ್ಚಳ ತೆಗೆದು, ಹತ್ತಿ ಅದ್ದಿ, ರೆಕ್ಕೆಯ ಮೇಲಿದ್ದ ನನ್ನ ಹೆಬ್ಬೆಟ್ಟನ್ನು ಒರೆಸತೊಡಗಿದರು. ಸಿಟ್ಟಿನಿಂದಲ್ಲ. ನಾನು ಒರೆಸಿದ್ದಕ್ಕಿಂತ ನಿಧಾನವಾಗಿ, ಒಂದೊಂದೇ ಗೆರೆಯಾಗಿ, ಅಂಚಿನಲ್ಲಿ ಉಳಿದಿದ್ದ ಚೂರನ್ನೂ ಬಿಡದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ರೆಕ್ಕೆ ಬರೀ ಹಳದಿಯಾದ ಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಕಪ್ಪಾದ ಹತ್ತಿಯನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಸುತ್ತ ನೋಡಿದರು. ನಾನು ಕೈ ಚಾಚಿದೆ.